ಮನೆಯಲ್ಲೇ ಮಕ್ಕಳಿಗೆ ಅಮೆರಿಕದ ವಸಾಹತು ಕಾಲದ ಇತಿಹಾಸ: ಎಲ್ಲಿಂದ ಶುರು, ಎಷ್ಟು ಹೇಳೋದು?

ಪಿಟ್ಸ್‌ಬರ್ಗ್ ಅಮ್ಮ

ಎಲ್ಲರಿಗೂ ನಮಸ್ಕಾರ. ಈ ವರ್ಷದಿಂದ ನಮ್ಮ ಇಬ್ಬರು ಮಕ್ಕಳಿಗೂ ಮನೆಯಲ್ಲೇ ಪಾಠ. ಮಗಳಿಗೆ 11, ಮಗನಿಗೆ 7. ಗಣಿತ, ವಿಜ್ಞಾನಕ್ಕೆ ತಲೆಬಿಸಿ ಇಲ್ಲ. ಕನ್ನಡವನ್ನು ಅಜ್ಜಿ ವಿಡಿಯೋ ಕಾಲ್‌ನಲ್ಲಿ ನೋಡಿಕೊಳ್ಳುತ್ತಾರೆ. ನನಗೆ ಕೈಕಾಲು ಆಡದಿರುವುದು ಇತಿಹಾಸದಲ್ಲಿ.

ಪೆನ್ಸಿಲ್ವೇನಿಯಾ ಕಾನೂನಿನಲ್ಲಿ ಅಮೆರಿಕದ ಇತಿಹಾಸವೂ ಇದೆ, ಈ ರಾಜ್ಯದ ಇತಿಹಾಸವೂ ಇದೆ. ಎರಡೂ ಕಲಿಸಲೇಬೇಕು. ನಾನು ದಾವಣಗೆರೆಯಲ್ಲಿ ಓದಿದವಳು. ಕದಂಬರಿಂದ ಒಡೆಯರವರೆಗೆ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇಲ್ಲಿಯದು ಕೇಳಿದರೆ ಕೊಲಂಬಸ್ ಆದಮೇಲೆ ನೇರವಾಗಿ ವಾಷಿಂಗ್ಟನ್. ನಡುವಿನ ಹತ್ತಿರ ಹತ್ತಿರ 300 ವರ್ಷ ಖಾಲಿ.

ಒಂದು ರೆಡಿಮೇಡ್ ಪಾಠದ ಸೆಟ್ ತರಿಸಿದೆ. 1620ರಲ್ಲಿ ಇಂಗ್ಲಿಷರು ಮ್ಯಾಸಚೂಸೆಟ್ಸ್‌ಗೆ ಬಂದ ಮೇಫ್ಲವರ್ ಹಡಗಿಗೆ ಬಣ್ಣ ಹಚ್ಚಿ, ಕಾಗದದ ಟೋಪಿ ಮಾಡಿ, ಟರ್ಕಿ ಕೋಳಿಗೆ ಗರಿ ಅಂಟಿಸಿ. ಮುಗೀತು. ಮುಂದಿನ ಪಾಠ 1773ರಲ್ಲಿ ಬೋಸ್ಟನ್‌ನಲ್ಲಿ ಚಹಾ ಸಮುದ್ರಕ್ಕೆ ಸುರಿದದ್ದು. ಮಗಳು ಚಿತ್ರ ನೋಡಿ ಕೇಳಿದಳು: "ಇವರು ಬಂದು ಇಳಿದಾಗಲೇ ಅಲ್ಲಿ ಕಾಡು ಕಡಿದು ಹೊಲ ಮಾಡಿದ್ದಾರಲ್ಲ, ಅದು ಯಾರದ್ದು?" ಉತ್ತರ ಆ ಸೆಟ್‌ನಲ್ಲೂ ಇಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಎರಡು ಪ್ರಶ್ನೆ. ಎಲ್ಲಿಂದ ಶುರು ಮಾಡಲಿ? ಗುಲಾಮಗಿರಿ, ಯುದ್ಧ, ರೋಗ ಇವನ್ನೆಲ್ಲ 7 ವರ್ಷದವನಿಗೆ ಎಷ್ಟು ಹೇಳಲಿ?

ರಿಚ್ಮಂಡ್ ರಾಗಿಮುದ್ದೆ

ನಮ್ಮ ವರ್ಜೀನಿಯಾ ಬಿಟ್ಟು ಮ್ಯಾಸಚೂಸೆಟ್ಸ್‌ನಿಂದ ಶುರು ಮಾಡಿದರೆ ನಾವು ಜಗಳಕ್ಕೆ ಬರ್ತೀವಿ ಅಕ್ಕ :)

ಇಂಗ್ಲಿಷರು ಇಲ್ಲಿ ಕಟ್ಟಿದ ಜೇಮ್ಸ್‌ಟೌನ್ 1607. ಮೇಫ್ಲವರ್‌ಗಿಂತ 13 ವರ್ಷ ಮುಂಚೆ. ಸೂಸನ್ ಕಾನ್‌ಸ್ಟಂಟ್, ಗಾಡ್‌ಸ್ಪೀಡ್, ಡಿಸ್ಕವರಿ ಅಂತ ಮೂರು ಹಡಗು. ಇಳಿದವರು 104 ಗಂಡಸರು ಮತ್ತು ಹುಡುಗರು. ಹೆಂಗಸರು ಒಬ್ಬರೂ ಇಲ್ಲ. ಕಳಿಸಿದ್ದು ಲಂಡನ್ನಿನ ವರ್ಜೀನಿಯಾ ಕಂಪನಿ. ಬಂಗಾರ ಸಿಗುತ್ತದೆ ಅಂತ ಬಂದವರು. ಸಿಕ್ಕಿದ್ದು ಜೌಗು, ಸೊಳ್ಳೆ, ಉಪ್ಪು ಬೆರೆತ ನದಿ ನೀರು.

ನಮ್ಮ ಮನೆಯಲ್ಲಿ ಮಕ್ಕಳಿಗೆ ಹಿಡಿಸಿದ್ದು ಬರದ ಕತೆ. ಆ ಕಡೆಯ ಹಳೆಯ ಸೈಪ್ರಸ್ ಮರಗಳ ಉಂಗುರ ಎಣಿಸಿ ವಿಜ್ಞಾನಿಗಳು ಕಂಡುಕೊಂಡರು: 1606ರಿಂದ 1612ರವರೆಗೆ ಅಲ್ಲಿ ಭೀಕರ ಬರ. ಇದೊಂದು ಗೊತ್ತಾದರೆ ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ. ಇಂಗ್ಲಿಷರು ಜೋಳ ಕೊಡಿ ಅಂತ ಅಲ್ಲಿನ ಮೂಲನಿವಾಸಿಗಳಾದ ಪೊವಾಟನ್ ಜನರ ಹತ್ತಿರ ಹೋದರು, ಅವರು ಕೊಡಲು ಹಿಂದೆಮುಂದೆ ನೋಡಿದರು, ಆಮೇಲೆ ಬಂದೂಕು ಹೊರಗೆ ಬಂತು. ಹಳೇ ಪುಸ್ತಕಗಳಲ್ಲಿ "ಅವರು ಕೊಡಲಿಲ್ಲ" ಅಂತ ಇರುತ್ತದೆ. ಅವರ ಹೊಲವೂ ಒಣಗಿತ್ತು ಅನ್ನುವುದು ಇರುವುದಿಲ್ಲ. ನನ್ನ ಮಗ ಚಿತ್ರದುರ್ಗದ ಕಡೆಯ ಅಜ್ಜನ ಜೊತೆ ಮಾತಾಡುತ್ತಾ ಬೆಳೆದವನು. "ಬಿತ್ತನೆಗೆ ಇಟ್ಟ ಕಾಳು ಯಾರು ಕೊಡ್ತಾರೆ" ಅಂದ. ನನಗೆ ಅಷ್ಟು ಸಾಕಾಯಿತು.

1609–10ರ ಚಳಿಗಾಲದಲ್ಲಿ ಸುಮಾರು 300 ಜನರಲ್ಲಿ ಉಳಿದವರು 60ರ ಆಸುಪಾಸು. ಜೂನ್‌ನಲ್ಲಿ ಊರು ಬಿಟ್ಟು ಹಡಗು ಹತ್ತಿ ಹೊರಟೇ ಬಿಟ್ಟರು. ನದಿಯ ಕೆಳಗೆ ಹೊಸ ಗವರ್ನರ್ ಲಾರ್ಡ್ ಡೆ ಲಾ ವಾರ್ ಬರುತ್ತಿರುವ ಸುದ್ದಿ ಸಿಕ್ಕಿ ವಾಪಸ್ ತಿರುಗಿದರು. ಒಂದು ವಾರ ಆಚೀಚೆ ಆಗಿದ್ದರೆ ಕತೆಯೇ ಬೇರೆ.

ನೋಡಲು ಬರುವವರಿಗೆ: ಜೇಮ್ಸ್‌ಟೌನ್ ಸೆಟಲ್‌ಮೆಂಟ್ ಬೇರೆ, ಹಿಸ್ಟಾರಿಕ್ ಜೇಮ್ಸ್‌ಟೌನ್ ಬೇರೆ. ಮೊದಲನೆಯದು ಹಡಗು, ಕೋಟೆ ಎಲ್ಲ ಮರುನಿರ್ಮಿಸಿದ ಮ್ಯೂಸಿಯಂ. ಚಿಕ್ಕವರಿಗೆ ಅದೇ ಖುಷಿ. ಎರಡನೆಯದು ನಿಜವಾದ ಜಾಗ. ಕೋಟೆ ನದಿಯ ಪಾಲಾಯಿತು ಅಂತ ಬಹಳ ಕಾಲ ಅಂದುಕೊಂಡಿದ್ದರು. 1994ರಲ್ಲಿ ಉತ್ಖನನ ಶುರುವಾದ ಮೇಲೆ ಮರದ ಕಂಬ ನೆಟ್ಟ ಗುರುತುಗಳು ಸಿಕ್ಕವು. ಮಣ್ಣಿನಲ್ಲಿ ಕಪ್ಪು ಕಲೆ, ಅಷ್ಟೇ. ಕಂಬ ಕೊಳೆತು ಹೋಗಿದೆ, ಅದಿದ್ದ ಜಾಗ ಮಾತ್ರ ಬಣ್ಣ ಬೇರೆ.

ಸುಮ್ನೆ ಓದೋನು

ಇಬ್ಬರೂ ಜಗಳ ನಿಲ್ಲಿಸಿ. ಫ್ಲೋರಿಡಾದ ಸೇಂಟ್ ಆಗಸ್ಟೀನ್, 1565. ಸ್ಪೇನಿನವರು. ಜೇಮ್ಸ್‌ಟೌನ್ ಹುಟ್ಟುವಾಗ ಅದಕ್ಕೆ 42 ವರ್ಷ.

ಬೋಸ್ಟನ್ ಬಿಸಿಬೇಳೆ

ಪಿಟ್ಸ್‌ಬರ್ಗ್ ಅಕ್ಕ, ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಇದೆ. ಆ ಹೊಲ ಪಟಕ್ಸೆಟ್ ಅನ್ನುವ ಊರಿನದ್ದು. ವಾಂಪನೋಗ್ ಅನ್ನುವ ಮೂಲನಿವಾಸಿಗಳ ಊರು. 1616ರಿಂದ 1619ರ ನಡುವೆ ಯುರೋಪಿನ ಹಡಗುಗಳ ಜೊತೆ ಬಂದ ರೋಗ ಆ ಕರಾವಳಿಯನ್ನೇ ಬಳಿದುಕೊಂಡು ಹೋಯಿತು. ಪಟಕ್ಸೆಟ್‌ನಲ್ಲಿ ಯಾರೂ ಉಳಿಯಲಿಲ್ಲ. ಮೇಫ್ಲವರ್‌ನವರು 1620ರ ಡಿಸೆಂಬರ್‌ನಲ್ಲಿ ಪ್ಲಿಮತ್ ಅಂತ ಮನೆ ಕಟ್ಟಿದ್ದು ಆ ಖಾಲಿ ಊರಿನ ಮೇಲೆ.

ಆ ಊರಿನವನು ಒಬ್ಬ ಮಾತ್ರ ಬದುಕಿದ್ದ, ಯಾಕೆಂದರೆ ಅವನು ಊರಿನಲ್ಲಿ ಇರಲಿಲ್ಲ. ಟಿಸ್ಕ್ವಾಂಟಮ್. ಪಠ್ಯಪುಸ್ತಕದ ಸ್ಕ್ವಾಂಟೊ. 1614ರಲ್ಲಿ ಥಾಮಸ್ ಹಂಟ್ ಅನ್ನುವ ಇಂಗ್ಲಿಷ್ ಕ್ಯಾಪ್ಟನ್ ಅವನನ್ನೂ ಇನ್ನೂ ಹಲವರನ್ನೂ ಹಡಗಿಗೆ ಹತ್ತಿಸಿಕೊಂಡು ಹೋಗಿ ಸ್ಪೇನಿನ ಮಾಲಗದಲ್ಲಿ ಮಾರಿದ. ಅಲ್ಲಿಂದ ಹೇಗೋ ಇಂಗ್ಲೆಂಡ್ ಸೇರಿದ. ಭಾಷೆ ಕಲಿತ. 1619ರಲ್ಲಿ ಊರಿಗೆ ಮರಳಿದಾಗ ಮನೆಗಳಲ್ಲಿ ಯಾರೂ ಇಲ್ಲ. ಇದನ್ನು ಹೇಳದೆ "ಸ್ನೇಹಿತ ಸ್ಕ್ವಾಂಟೊ ಜೋಳ ನೆಡುವುದನ್ನು ಕಲಿಸಿದ" ಅಂತ ಮಾತ್ರ ಹೇಳಿದರೆ ಮಕ್ಕಳು ಕೇಳಬೇಕಾದ ಪ್ರಶ್ನೆ ಕೇಳುವುದೇ ಇಲ್ಲ: ಅವನಿಗೆ ಇಂಗ್ಲಿಷ್ ಹೇಗೆ ಬರುತ್ತಿತ್ತು?

ನಾವು ಥ್ಯಾಂಕ್ಸ್‌ಗಿವಿಂಗ್ ವಾರ ಮಾಡುವ ಪಾಠ ಹೇಳುತ್ತೇನೆ. ಪುಸ್ತಕ ಕೊಳ್ಳಬೇಕಾಗಿಲ್ಲ. ಆ ಹಬ್ಬದ ಮೂಲ ಅನ್ನುವ, ಪ್ಲಿಮತ್‌ನವರ 1621ರ ಸುಗ್ಗಿ ಊಟದ ಬಗ್ಗೆ, ಅದನ್ನು ಕಣ್ಣಾರೆ ಕಂಡವರು ಬರೆದ ನೇರ ವಿವರ ಅಂತ ಇರುವುದು ಮುಖ್ಯವಾಗಿ ಒಂದೇ. ಮೇಫ್ಲವರ್‌ನಲ್ಲಿ ಬಂದ ಎಡ್ವರ್ಡ್ ವಿನ್‌ಸ್ಲೋ ಅದೇ ಡಿಸೆಂಬರ್‌ನಲ್ಲಿ ಬರೆದ ಪತ್ರದ ಒಂದು ತುಣುಕು. ಒಂದು ಪ್ಯಾರಾ ಕೂಡ ತುಂಬುವುದಿಲ್ಲ. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಿಂಟ್ ತೆಗೆದು ಮಧ್ಯೆ ಇಡಿ. ಮೊದಲು ಮಕ್ಕಳಿಗೆ ಅವರು ಅಂದುಕೊಂಡಿರುವ ಊಟದ ಚಿತ್ರ ಬರೆಯಲು ಹೇಳಿ. ಉದ್ದ ಮೇಜು, ಟರ್ಕಿ, ಕುಂಬಳಕಾಯಿ ಪೈ, ಬಕಲ್ ಇರುವ ಟೋಪಿ ಎಲ್ಲ ಬರುತ್ತದೆ. ಆಮೇಲೆ ಪತ್ರ ಓದಿ, ಅದರಲ್ಲಿ ಇಲ್ಲದ್ದನ್ನೆಲ್ಲ ಕೆಂಪು ಪೆನ್ಸಿಲ್‌ನಲ್ಲಿ ಹೊಡೆದು ಹಾಕಲು ಹೇಳಿ.

ಏನು ಉಳಿಯುತ್ತದೆ ಗೊತ್ತಾ? ಸುಗ್ಗಿ ಮುಗಿದಿತ್ತು. ಗವರ್ನರ್ ನಾಲ್ಕು ಜನರನ್ನು ಹಕ್ಕಿ ಬೇಟೆಗೆ ಕಳಿಸಿದ. ಬಂದೂಕಿನ ಅಭ್ಯಾಸ ನಡೆಸಿದರು. ವಾಂಪನೋಗ್ ನಾಯಕ ಮ್ಯಾಸಸೊಯಿಟ್ ಸುಮಾರು 90 ಗಂಡಸರ ಜೊತೆ ಬಂದ. ಮೂರು ದಿನ ಊಟ. ಬಂದವರು ಐದು ಜಿಂಕೆ ಹೊಡೆದು ತಂದರು. ಅಷ್ಟೇ. ಟರ್ಕಿ ಅಂತ ಈ ಪತ್ರದಲ್ಲಿ ಇಲ್ಲ, ಹಕ್ಕಿ ಅಂತ ಮಾತ್ರ ಇದೆ. ಆ ಶರತ್ಕಾಲದಲ್ಲಿ ಕಾಡು ಟರ್ಕಿ ಹೇರಳವಾಗಿ ಸಿಕ್ಕಿತು ಅಂತ ಗವರ್ನರ್ ಬ್ರ್ಯಾಡ್‌ಫರ್ಡ್ ಬೇರೆ ಕಡೆ ಬರೆದಿದ್ದಾನೆ, ಆದ್ದರಿಂದ ತಿಂದಿರಲೂಬಹುದು.

ದೊಡ್ಡ ಮಗುವಿಗೆ ಇನ್ನೊಂದು ಕೆಲಸ. ಮೇಫ್ಲವರ್‌ನಲ್ಲಿ ಬಂದವರು 102, ಮೊದಲ ಚಳಿಗಾಲ ದಾಟುವಷ್ಟರಲ್ಲಿ ಅರ್ಧದಷ್ಟು ಜನ ಸತ್ತಿದ್ದರು. ಹಾಗಾದರೆ ಆ ಊಟಕ್ಕೆ ಇಂಗ್ಲಿಷರು ಎಷ್ಟು ಜನ, ವಾಂಪನೋಗ್ ಜನ ಎಷ್ಟು? ಲೆಕ್ಕ ಹಾಕಿ ಮತ್ತೆ ಚಿತ್ರ ಬರೆಯಲಿ. ಎಲ್ಲ ಕ್ಯಾಲೆಂಡರ್ ಚಿತ್ರಗಳಲ್ಲೂ ಮೂಲೆಯಲ್ಲಿ ಇಬ್ಬರು ಮೂವರು ಮೂಲನಿವಾಸಿಗಳು ಕೂತಿರುತ್ತಾರೆ. ಲೆಕ್ಕ ಹೇಳುವುದು ತಿರುಗಾಮುರುಗಾ.

ಹಾಗೆಯೇ, ಈಗಿನ ರಾಷ್ಟ್ರೀಯ ಹಬ್ಬವನ್ನು ಗಟ್ಟಿ ಮಾಡಿದ್ದು ಲಿಂಕನ್, 1863ರಲ್ಲಿ, ಅಂತರ್ಯುದ್ಧದ ನಡುವೆ. 1970ರಿಂದ ಅದೇ ದಿನ ಅದೇ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಶೋಕದ ದಿನ ಆಚರಿಸುತ್ತಾರೆ. 11 ವರ್ಷದವಳಿಗೆ ಎರಡನ್ನೂ ಹೇಳಬಹುದು.

ಪಿಟ್ಸ್‌ಬರ್ಗ್ ಅಮ್ಮ

ಬಿಸಿಬೇಳೆ ಅವರೇ, ನಿನ್ನೆ ರಾತ್ರಿಯೇ ಆ ತುಣುಕು ಹುಡುಕಿ ಓದಿದೆವು. ಮಗಳು ಹಿಡಿದದ್ದು ಇನ್ನೊಂದು. "90 ಜನ ಬಂದರು ಅಂತ ಇದೆ, ಕರೆದಿದ್ದರು ಅಂತ ಇಲ್ವಲ್ಲ?" ಹೌದಲ್ಲ! ಈಗ ಅವಳ ತಲೆಯಲ್ಲಿ ಬಂದೂಕಿನ ಸದ್ದು ಕೇಳಿ ಅವರು ಓಡಿ ಬಂದರು ಅಂತ ಒಂದು ವಾದ ತಯಾರಾಗಿದೆ.

ಮಗನಿಗೆ ಟಿಸ್ಕ್ವಾಂಟಮ್ ಕತೆ ಹೇಳಿದೆ. ಕದ್ದುಕೊಂಡು ಹೋದರು ಅಂದಾಗ ಗಂಭೀರವಾಗಿ ಕೇಳಿದ. ಹೆದರಲಿಲ್ಲ. "ಅವನ ಅಮ್ಮ?" ಅಂತ ಒಂದೇ ಕೇಳಿದ.

ಮೈಸೂರು ಮೇಷ್ಟ್ರು

ನಾನು ನಿವೃತ್ತ ಇತಿಹಾಸ ಮೇಷ್ಟ್ರು. ವರ್ಜೀನಿಯಾದಲ್ಲಿ ಮಗನ ಮನೆಯಲ್ಲಿದ್ದೇನೆ, ಮೊಮ್ಮಕ್ಕಳಿಗೆ ಪಾಠ ನನ್ನದೇ. ಮಾತು ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

13 ವಸಾಹತುಗಳ ಹೆಸರು, ಇಸವಿ, ಸ್ಥಾಪಕರು ಅಂತ ಕಂಠಪಾಠ ಮಾಡಿಸಬೇಡಿ ತಾಯಿ. ನಾನು ಮಾಡಿಸುವುದು ಒಂದೇ ಪ್ರಶ್ನೆ. ಈ ಊರಿನವರ ಹೊಟ್ಟೆಪಾಡು ಏನು? ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ರಾಜಕೀಯ, ಧರ್ಮ, ಯುದ್ಧ ಎಲ್ಲ ಬಾಲದ ಹಾಗೆ ಹಿಂದೆ ಬರುತ್ತದೆ.

ವರ್ಜೀನಿಯಾ ನೋಡಿ. ಬಂಗಾರ ಸಿಗಲಿಲ್ಲ, ಕಂಪನಿ ದುಡ್ಡು ಹಾಕಿ ಕೂತಿದೆ. 1612ರ ಹೊತ್ತಿಗೆ ಜಾನ್ ರಾಲ್ಫ್ ಅನ್ನುವವನು ಕೆರಿಬಿಯನ್ ಕಡೆಯ ಹೊಗೆಸೊಪ್ಪಿನ ಬೀಜ ಹಾಕಿದ. ಸ್ಥಳೀಯ ಸೊಪ್ಪು ಲಂಡನ್ನಿನವರಿಗೆ ಕಹಿ ಅನ್ನಿಸುತ್ತಿತ್ತು, ಇದು ಹಿಡಿಸಿತು. ಅಲ್ಲಿಂದ ಸರಪಳಿ ಶುರು. ಹೊಗೆಸೊಪ್ಪು ಮೂರು ನಾಲ್ಕು ವರ್ಷದಲ್ಲಿ ನೆಲದ ಸತ್ವ ಹೀರಿಬಿಡುತ್ತದೆ, ಹೊಸ ನೆಲ ಬೇಕು. ಹೊಸ ನೆಲ ಅಂದರೆ ಪೊವಾಟನ್ ಜನರ ನೆಲ. 1622ರ ಮಾರ್ಚ್‌ನಲ್ಲಿ ಅವರ ನಾಯಕ ಒಪೆಚಂಕನೊ ತಿರುಗಿಬಿದ್ದಾಗ ಒಂದೇ ದಿನ 347 ಇಂಗ್ಲಿಷರು ಸತ್ತರು, ಅದಾದ ಮೇಲೆ ಇಂಗ್ಲಿಷರು ವರ್ಷಗಟ್ಟಲೆ ಅವರ ಊರು, ಬೆಳೆ ಸುಟ್ಟರು. ನೆಲ ಸಿಕ್ಕಿತು, ದುಡಿಯುವ ಕೈ ಬೇಕು. ಮೊದಲು ಇಂಗ್ಲೆಂಡಿನ ಬಡವರನ್ನು ತಂದರು. ಹಡಗಿನ ಚಾರ್ಜು ತೀರಿಸಲು ನಾಲ್ಕರಿಂದ ಏಳು ವರ್ಷ ಕರಾರಿನ ಜೀತ. ಎಷ್ಟೋ ಜನ ಅವಧಿ ಮುಗಿಯುವ ಮುಂಚೆಯೇ ಸತ್ತರು. 1619ರ ಆಗಸ್ಟ್ ಕೊನೆಗೆ ವೈಟ್ ಲಯನ್ ಅನ್ನುವ ಹಡಗು ಪಾಯಿಂಟ್ ಕಂಫರ್ಟ್‌ಗೆ ಬಂತು. ಅಂಗೋಲಾದಿಂದ ಹಿಡಿದು ತಂದ "20 ಚಿಲ್ಲರೆ" ಆಫ್ರಿಕನ್ನರನ್ನು ಆಹಾರಕ್ಕೆ ಬದಲಾಗಿ ಇಳಿಸಿ ಹೋಯಿತು. ಅದೇ ವರ್ಷ ಜುಲೈನಲ್ಲಿ, ಅದೇ ವರ್ಜೀನಿಯಾದಲ್ಲಿ, ಚುನಾಯಿತ ಪ್ರತಿನಿಧಿಗಳ ಮೊದಲ ಸಭೆ ನಡೆದಿತ್ತು. ಎರಡೂ ಒಂದೇ ಬೇಸಿಗೆ. ಇದನ್ನು ನಾನು ಮೊಮ್ಮಗಳಿಗೆ ಒಂದೇ ಹಾಳೆಯಲ್ಲಿ ಬರೆಸಿದೆ.

ಗುಲಾಮಗಿರಿ ಒಂದೇ ದಿನದಲ್ಲಿ ಕಾನೂನಾಗಲಿಲ್ಲ ಅನ್ನುವುದು ದೊಡ್ಡ ಮಕ್ಕಳಿಗೆ ಮುಖ್ಯ. 1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಇಂಗ್ಲೆಂಡಿನಲ್ಲಿ ಮಗುವಿನ ಸ್ಥಾನ ತಂದೆಯಿಂದ ಬರುತ್ತಿತ್ತು. ಇಲ್ಲಿ ಬೇಕೆಂದೇ ತಿರುಗಿಸಿದರು. ಯಾರಿಗೆ ಲಾಭ ಅಂತ ಕೇಳಿ, 11 ವರ್ಷದ ಹುಡುಗಿ ಉತ್ತರ ಹೇಳುತ್ತಾಳೆ.

ಮ್ಯಾಸಚೂಸೆಟ್ಸ್ ಕಡೆ ಕಾಡ್ ಮೀನು, ಮರ, ಹಡಗು ಕಟ್ಟುವುದು. ಕೆರೊಲಿನಾದಲ್ಲಿ ಭತ್ತ. ಭತ್ತದ ಗದ್ದೆ ಕಟ್ಟುವ ವಿದ್ಯೆ ಗೊತ್ತಿದ್ದದ್ದು ಪಶ್ಚಿಮ ಆಫ್ರಿಕಾದಿಂದ ತಂದವರಿಗೆ, ಲಾಭ ಆದದ್ದು ಬೇರೆಯವರಿಗೆ. ನಿಮ್ಮ ಪೆನ್ಸಿಲ್ವೇನಿಯಾ ಗೋಧಿ. ನದಿಗಳ ಮ್ಯಾಪ್ ಒಂದು ಗೋಡೆಗೆ ಅಂಟಿಸಿ. ಸಾಕು.

ಡಲ್ಲಾಸ್ ಅಪ್ಪ

ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮೇಷ್ಟ್ರ ಮೇಲೆ ಗೌರವ ಇದೆ. ಆದರೆ 7 ವರ್ಷದ ಮಗುವಿಗೆ ರೋಗ, ಜೀತ, ಗುಲಾಮಗಿರಿ, ಊರು ಸುಡುವುದು ಇದೇ ಕೊಟ್ಟರೆ ಈ ದೇಶದ ಮೇಲೆ ಅವನಿಗೆ ಪ್ರೀತಿ ಎಲ್ಲಿಂದ ಬರುತ್ತದೆ? ನಮ್ಮ ಮಕ್ಕಳು ಇಲ್ಲಿ ಹುಟ್ಟಿದವರು. ಇದು ಅವರ ದೇಶ. ನಮಗೆ ಚಿಕ್ಕಂದಿನಲ್ಲಿ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಹೇಳಿದರು. ಹೆಮ್ಮೆ ಮೊದಲು ಬಂತು, ಉಳಿದದ್ದು ಕಾಲೇಜಿನಲ್ಲಿ ತಿಳಿಯಿತು. ಇಲ್ಲೂ ಹೇಳಲು ಒಳ್ಳೆಯದು ಬೇಕಾದಷ್ಟಿದೆ. ಮೇಫ್ಲವರ್‌ನವರು 66 ದಿನ ಸಮುದ್ರದಲ್ಲಿ. ದಾರಿಯಲ್ಲೇ ಹುಟ್ಟಿದ ಮಗುವಿಗೆ ಓಶಿಯಾನಸ್ ಅಂತ ಹೆಸರಿಟ್ಟರು. ಇಳಿಯುವ ಮುಂಚೆ 41 ಗಂಡಸರು ಕೂತು ನಾವೇ ಕಾನೂನು ಮಾಡಿಕೊಂಡು ಪಾಲಿಸುತ್ತೇವೆ ಅಂತ ಸಹಿ ಹಾಕಿದರು. 1636ರಲ್ಲಿ ರೋಜರ್ ವಿಲಿಯಮ್ಸ್, ದೇವರ ವಿಷಯದಲ್ಲಿ ಸರ್ಕಾರ ಕೈ ಹಾಕಬಾರದು ಅಂದು ಊರು ಬಿಟ್ಟು ಪ್ರಾವಿಡೆನ್ಸ್ ಕಟ್ಟಿದ. ಇವೆಲ್ಲ ನಿಜವೇ ಅಲ್ವಾ?

ಅಟ್ಲಾಂಟಾ ಅಕ್ಕ

ನಿಜವೇ. ಯಾರೂ ಬೇಡ ಅನ್ನುತ್ತಿಲ್ಲ. ಆದರೆ ಡಲ್ಲಾಸ್ ಅವರೇ, ನನ್ನ ಮಗಳ ಜೀವದ ಗೆಳತಿ ಕಪ್ಪು ಜನರ ಮನೆಯ ಹುಡುಗಿ. ಅವಳ ಅಜ್ಜಿ ಅವಳಿಗೆ ಐದು ವರ್ಷಕ್ಕೇ ಇದೆಲ್ಲ ಹೇಳಿದ್ದಾರೆ. ಅವರಿಗೆ ಕಾಯುವ ಅವಕಾಶ ಇಲ್ಲ. ನನ್ನ ಮಗಳಿಗೆ 12 ಆಗುವವರೆಗೆ ಗೊತ್ತಿಲ್ಲದಿದ್ದರೆ, ಆ ಗೆಳತಿಯ ಮುಂದೆ ಅವಳು ಏನು ಮಾತಾಡಬಹುದು ಅಂತ ಯೋಚನೆ ಮಾಡಿ.

ಹೇಳುವ ರೀತಿ ಇದೆ. ನಾನು ಹಡಗಿನ ಒಳಗಿನ ಚಿತ್ರ ತೋರಿಸಲಿಲ್ಲ, ಸರಪಳಿ ತೋರಿಸಲಿಲ್ಲ. ಒಂದು ಮನೆಯ ಪಟ್ಟಿ ತೋರಿಸಿದೆ. 1625ರಲ್ಲಿ ವರ್ಜೀನಿಯಾದಲ್ಲಿ ಜನಗಣತಿಯ ಹಾಗೆ ಒಂದು ಲೆಕ್ಕ ಮಾಡಿದ್ದರು. ಕ್ಯಾಪ್ಟನ್ ವಿಲಿಯಂ ಟಕರ್ ಮನೆಯ ಲೆಕ್ಕದಲ್ಲಿ ಆಂಟನಿ, ಇಸಬೆಲ್ಲ, ಅವರ ಮಗು ವಿಲಿಯಂ, ದೀಕ್ಷಾಸ್ನಾನ ಆಗಿದೆ ಅಂತ ಬರೆದಿದೆ. ಅಪ್ಪ ಅಮ್ಮ ಆಫ್ರಿಕಾದವರು. ಬಿಳಿಯರ ಹೆಸರಿನ ಜೊತೆ ವಯಸ್ಸು, ಬಂದ ಹಡಗು, ಬಂದ ವರ್ಷ ಇರುತ್ತದೆ. ಇವರಿಗೆ ಅದು ಇಲ್ಲ. ನನ್ನ ಮಗಳು ಬೆರಳಿಟ್ಟು ಓದಿ "ಇವರಿಗೆ ಎಷ್ಟು ವಯಸ್ಸು ಅಂತ ಯಾಕೆ ಬರೆದಿಲ್ಲ?" ಅಂದಳು. ಆವತ್ತಿನ ಪಾಠ ಅಷ್ಟೇ. ಹೆದರಿಸುವ ಒಂದು ಮಾತೂ ಬೇಕಾಗಲಿಲ್ಲ.

ಡಲ್ಲಾಸ್ ಅಪ್ಪ

ಪಟ್ಟಿಯ ಪಾಠ ಒಪ್ಪಿದೆ, ನಾನೂ ಮಾಡುತ್ತೇನೆ. ಆದರೆ 1637ರ ಮಿಸ್ಟಿಕ್ ಊರಿನ ಕತೆ ನಾನು ಚಿಕ್ಕವನಿಗೆ ಹೇಳುವುದಿಲ್ಲ. ಪೀಕ್ವಾಟ್ ಅನ್ನುವ ಮೂಲನಿವಾಸಿಗಳು ಮಲಗಿದ್ದಾಗ ಇಂಗ್ಲಿಷರು ಬೆಂಕಿ ಹಚ್ಚಿ ಹೆಂಗಸರು ಮಕ್ಕಳನ್ನೂ ಬಿಡದೆ ಕೊಂದದ್ದು. ಅದು ದೊಡ್ಡವರಿಗೇ ಓದಲು ಆಗುವುದಿಲ್ಲ. ಅಲ್ಲಿ ನನ್ನ ನಿಲುವು ಬದಲಾಗುವುದಿಲ್ಲ.

ಮೈಸೂರು ಮೇಷ್ಟ್ರು

ಅದನ್ನು ಚಿಕ್ಕವರಿಗೆ ನಾನೂ ಹೇಳುವುದಿಲ್ಲ. ಆದರೆ ಪ್ಲಿಮತ್ ಊಟದ ಕತೆ ಹೇಳಿ ಅಲ್ಲಿಗೇ "ಎಲ್ಲರೂ ಸುಖವಾಗಿದ್ದರು" ಅಂತ ಮುಗಿಸಲೂಬಾರದು. "ಆಮೇಲೆ ಜಗಳ ಆಯಿತು, ದೊಡ್ಡವನಾದಾಗ ಓದೋಣ" ಅಂದರೆ ಸಾಕು. ಊಟಕ್ಕೆ ಬಂದ ಮ್ಯಾಸಸೊಯಿಟ್‌ನ ಮಗನೇ ಮೆಟಕಾಮ್. 1675ರಲ್ಲಿ ಇಂಗ್ಲಿಷರ ಮೇಲೆ ಯುದ್ಧಕ್ಕೆ ನಿಂತವನು, ಇಂಗ್ಲಿಷರ ಬಾಯಲ್ಲಿ ಕಿಂಗ್ ಫಿಲಿಪ್. ತಂದೆ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಂಡ, ಮಗ ಯುದ್ಧ ಮಾಡಿದ. ನಡುವಿನ 54 ವರ್ಷದಲ್ಲಿ ಏನಾಯಿತು ಅನ್ನುವುದು 11 ವರ್ಷದವಳಿಗೆ ಇಡೀ ತಿಂಗಳ ಪಾಠ.

ಹೊಸದಾಗಿ ಬಂದವಳು

ಪೊಕಹೊಂಟಸ್ ಸಿನಿಮಾ ತೋರಿಸಬಹುದಾ? ಮಗಳಿಗೆ ಆ ಡ್ರೆಸ್ ಬೇಕಂತೆ.

ರಿಚ್ಮಂಡ್ ರಾಗಿಮುದ್ದೆ

ತೋರಿಸಿ, ಹಾಡು ಚೆನ್ನಾಗಿದೆ. ಆಮೇಲೆ ಹೇಳಿ: ಅವಳು ಪೊವಾಟನ್ ನಾಯಕನ ಮಗಳು. ಸಿನಿಮಾದ ನಾಯಕ ಜಾನ್ ಸ್ಮಿತ್ ಜೇಮ್ಸ್‌ಟೌನ್‌ಗೆ ಬಂದಾಗ ಅವಳಿಗೆ 11ರ ಆಸುಪಾಸು, ಇಲ್ಲಿ ಕೆಲವರ ಮಗಳ ವಯಸ್ಸು. ಪ್ರೇಮಕತೆ ಇಲ್ಲ. 1613ರಲ್ಲಿ ಇಂಗ್ಲಿಷರು ಅವಳನ್ನು ಒತ್ತೆಯಾಳಾಗಿ ಹಿಡಿದಿಟ್ಟರು. 1614ರಲ್ಲಿ ಮದುವೆಯಾದದ್ದು ಆ ಹೊಗೆಸೊಪ್ಪಿನ ಜಾನ್ ರಾಲ್ಫ್‌ನನ್ನು. ಲಂಡನ್‌ಗೆ ಕರೆದುಕೊಂಡು ಹೋದರು. ಮರಳಿ ಬರುವಾಗ 1617ರಲ್ಲಿ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು. 20 ದಾಟಿದ್ದಳಷ್ಟೆ.

ಅಡುಗೆಯ ಬಗ್ಗೆ ಯಾರೂ ಹೇಳಲಿಲ್ಲ ಅಂತ ನಾನೇ ಹೇಳುತ್ತೇನೆ. ಆ ಕಾಲದ ದಿನನಿತ್ಯದ ಊಟ ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ಬೇಯಿಸಿ ತಿರುವಿದ್ದು. ಗಟ್ಟಿಯಾಗಿ ಮಾಡಿದರೆ ಥೇಟ್ ನಮ್ಮ ಮುದ್ದೆ. ನಮ್ಮ ಮಕ್ಕಳಿಗೆ ಮುದ್ದೆ ಕೋಲು ಕೊಟ್ಟೆ, ಒಲೆ ಹತ್ತಿರ ನಾನು ನಿಂತೆ. ಗಂಟಾಯಿತು, ತಳ ಹಿಡಿಯಿತು, ಆದರೂ ತಿಂದರು. ಸಾರು ಬೇಕು ಅಂದರು. ಸಾರು ಮಾಡುವಾಗ ಎರಡನೇ ಪಾಠ: ಇದರಲ್ಲಿ ಅಮೆರಿಕ ಖಂಡದಿಂದ ಬಂದದ್ದು ಯಾವುದು, ತೆಗೆದು ಪಕ್ಕಕ್ಕಿಡಿ. ಒಣಮೆಣಸಿನಕಾಯಿ ಹೋಯಿತು, ಟೊಮೆಟೊ ಹೋಯಿತು. ಪಲ್ಯದ ಆಲೂಗಡ್ಡೆ ಹೋಯಿತು. ಚಟ್ನಿಯ ಕಡಲೆಕಾಯಿಯೂ ಹೋಯಿತು. ಉಳಿದದ್ದು ಬೇಳೆ, ಹುಣಸೆ, ಮೆಣಸು, ಸಾಸಿವೆ. ಮೆಣಸಿನಕಾಯಿ ಪೋರ್ಚುಗೀಸರ ಜೊತೆ 16ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದದ್ದು. ಬ್ಯಾಡಗಿ ಮೆಣಸಿನಕಾಯಿಯ ಮೂಲ ಬ್ಯಾಡಗಿ ಅಲ್ಲ ಅಂದರೆ ನಮ್ಮ ಅತ್ತೆ ಇವತ್ತಿಗೂ ಒಪ್ಪುವುದಿಲ್ಲ.

ಸುಮ್ನೆ ಓದೋನು

ಅತ್ತೆಗೆ ನನ್ನ ಬೆಂಬಲ ಇದೆ ಅಂತ ತಿಳಿಸಿ.

ನ್ಯೂಜೆರ್ಸಿ ಮಾವ

ಪಿಟ್ಸ್‌ಬರ್ಗ್ ತಂಗಿ, ನಿಮ್ಮ ರಾಜ್ಯದ ಪಾಲು ಯಾರೂ ಮುಟ್ಟಲಿಲ್ಲ. 1681ರಲ್ಲಿ ರಾಜ ಎರಡನೇ ಚಾರ್ಲ್ಸ್, ಪೆನ್ಸಿಲ್ವೇನಿಯಾ ಸ್ಥಾಪಿಸಿದ ವಿಲಿಯಂ ಪೆನ್‌ನ ಅಪ್ಪನಿಗೆ ಕೊಡಬೇಕಾಗಿದ್ದ ಸಾಲಕ್ಕೆ ಬದಲಾಗಿ ಆ ನೆಲ ಬರೆದುಕೊಟ್ಟ. ನೆಲ ರಾಜನದ್ದಾ ಅಂತ ಕೇಳಬೇಡಿ, ನಿಮ್ಮ ಮಗಳು ಕೇಳುತ್ತಾಳೆ. ಅಲ್ಲಿದ್ದವರು ಲೆನಾಪೆ ಜನ. ಪೆನ್ ಯುದ್ಧ ಬೇಡ ಅನ್ನುವ ಕ್ವೇಕರ್ ಎಂಬ ಕ್ರೈಸ್ತ ಪಂಥದವನು, ಲೆನಾಪೆಯವರಿಗೆ ದುಡ್ಡು ಕೊಟ್ಟು, ಮಾತಾಡಿ ನೆಲ ತಗೊಂಡ. ಅವನೂ ಗುಲಾಮರನ್ನು ಇಟ್ಟುಕೊಂಡಿದ್ದ ಅನ್ನುವುದನ್ನು ಬಿಡಬೇಡಿ. ಹಾಗೆಯೇ 1688ರಲ್ಲಿ ಜರ್ಮನ್‌ಟೌನ್‌ನ ನಾಲ್ಕು ಜನ ಗುಲಾಮಗಿರಿ ತಪ್ಪು ಅಂತ ಬರೆದು ಸಹಿ ಹಾಕಿದ ಅರ್ಜಿಯನ್ನೂ ಬಿಡಬೇಡಿ. "ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು" ಅನ್ನುವವರ ಬಾಯಿ ಮುಚ್ಚಿಸಲು ಆ ಒಂದು ಅರ್ಜಿ ಸಾಕು.

ಮಕ್ಕಳಿಗೆ ಹೇಳಿ ಮಾಡಿಸಿದ ಪಾಠ ಅಂದರೆ 1737ರ ವಾಕಿಂಗ್ ಪರ್ಚೇಸ್. ಅಪ್ಪ ಸತ್ತ ಮೇಲೆ ಪೆನ್ ಮಕ್ಕಳು ಒಂದು ಹಳೇ ಪತ್ರ ಹೊರತೆಗೆದರು. ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ಎಷ್ಟು ದೂರ ನಡೆಯುತ್ತಾನೋ ಅಷ್ಟು ನೆಲ ನಮ್ಮದು ಅಂತ. ಲೆನಾಪೆಯವರು ಸಾಮಾನ್ಯ ನಡಿಗೆ ಅಂದುಕೊಂಡರು. ಇವರು ಕಾಡಿನಲ್ಲಿ ಮೊದಲೇ ದಾರಿ ಸವರಿಸಿ, ಗಟ್ಟಿ ಕಾಲಿನ ಮೂವರನ್ನು ಆರಿಸಿ, ಗೆದ್ದವನಿಗೆ ಐದು ಪೌಂಡ್ ಮತ್ತು 500 ಎಕರೆ ಅಂತ ಆಸೆ ತೋರಿಸಿ ಬಿಟ್ಟರು. ಇಬ್ಬರು ಅರ್ಧಕ್ಕೇ ಕುಸಿದರು. ಎಡ್ವರ್ಡ್ ಮಾರ್ಷಲ್ ಒಬ್ಬ ಕೊನೆ ಮುಟ್ಟಿದ. ಲೆನಾಪೆಯವರು ಕಳೆದುಕೊಂಡದ್ದು ಲಕ್ಷಗಟ್ಟಲೆ ಎಕರೆ.

ಪಾರ್ಕಿನಲ್ಲಿ ಮಾಡಿ. ಒಬ್ಬರು ಹತ್ತು ನಿಮಿಷ ಮಾಮೂಲಿ ನಡೆಯಲಿ, ದಾರಿಯಲ್ಲಿ ನೀರು ಕುಡಿಯಲಿ, ಕೂರಲಿ. ಇನ್ನೊಬ್ಬರು ಹತ್ತು ನಿಮಿಷ ಓಡಲಿ. ಎರಡು ಕಡೆ ಕೋಲು ನೆಟ್ಟು ನಡುವಿನ ದೂರ ಅಳೆಯಿರಿ. ಗಣಿತದ ಪಾಠವೂ ಆಯಿತು.

ಪಿಟ್ಸ್‌ಬರ್ಗ್ ಅಮ್ಮ

ಮಾವ, ಇದು ಮಗನಿಗೇ ಹೇಳಿ ಮಾಡಿಸಿದ್ದು. ನಮ್ಮ ಊರಿನಲ್ಲೇ ನೋಡುವಂಥದ್ದು ಏನಾದರೂ ಇದೆಯಾ? ಅಷ್ಟು ದೂರ ವರ್ಜೀನಿಯಾಕ್ಕೆ ಪದೇಪದೇ ಹೋಗಲು ಆಗುವುದಿಲ್ಲ.

ನ್ಯೂಜೆರ್ಸಿ ಮಾವ

ಕಾಲ ಬುಡದಲ್ಲೇ ಇದೆ. ಮೂರು ನದಿ ಸೇರುವ ಪಾಯಿಂಟ್ ಸ್ಟೇಟ್ ಪಾರ್ಕ್. 1754ರಲ್ಲಿ ಫ್ರೆಂಚರು ಅಲ್ಲಿ ಡುಕೇನ್ ಕೋಟೆ ಕಟ್ಟಿದರು, 1758ರಲ್ಲಿ ಬ್ರಿಟಿಷರು ಬರುವಾಗ ಅವರೇ ಅದನ್ನು ಸುಟ್ಟು ಹೊರಟರು, ಅಲ್ಲಿಂದ ಪಿಟ್ ಕೋಟೆ. 1764ರ ಬ್ಲಾಕ್ ಹೌಸ್ ಈಗಲೂ ನಿಂತಿದೆ. ಇಟ್ಟಿಗೆಯ ಚಿಕ್ಕ ಕಟ್ಟಡ, ಬಂದೂಕು ತೂರಿಸುವ ಕಿಂಡಿ ಇರುವ ಮರದ ತೊಲೆಗಳನ್ನು ಮಗನಿಗೆ ತೋರಿಸಿ. ಮಗನ ಕೈಯಲ್ಲಿ ಮ್ಯಾಪ್ ಕೊಟ್ಟು, ಇಲ್ಲಿ ಕೋಟೆ ಯಾಕೆ ಅಂತ ಅವನೇ ಹೇಳಲಿ.

ಬೋಸ್ಟನ್ ಬಿಸಿಬೇಳೆ

ಸಂಬಂಧಿಕರು "ಸ್ಕೂಲಿಗೆ ಯಾಕೆ ಕಳಿಸಲ್ಲ" ಅಂತ ಪೀಡಿಸುವವರಿಗೆ ಒಂದು ಅಸ್ತ್ರ: 1642ರಲ್ಲಿ ಮ್ಯಾಸಚೂಸೆಟ್ಸ್ ಮಾಡಿದ ಕಾನೂನಿನಲ್ಲಿ ಮಕ್ಕಳಿಗೆ ಓದು ಕಲಿಸುವ ಹೊಣೆ ಅಪ್ಪ ಅಮ್ಮನದ್ದು, ಕೆಲಸಕ್ಕೆ ಇಟ್ಟುಕೊಂಡ ಯಜಮಾನನದ್ದು. ಊರಿಗೆ 50 ಮನೆ ಇದ್ದರೆ ಮೇಷ್ಟ್ರನ್ನು ನೇಮಿಸಬೇಕು ಅಂತ ಬಂದದ್ದು 1647ರಲ್ಲಿ. ಮನೆಪಾಠವೇ ಹಿರಿಯಣ್ಣ.

ಅಟ್ಲಾಂಟಾ ಅಕ್ಕ

ಮೇಷ್ಟ್ರೇ, ನಮ್ಮ ಕಡೆಯ ಕೊಂಡಿ ಏನಾದರೂ ಇದೆಯಾ? ಮಗಳು "ನಾವು ಆಗ ಎಲ್ಲಿದ್ವಿ" ಅಂತ ಕೇಳುತ್ತಾಳೆ.

ಮೈಸೂರು ಮೇಷ್ಟ್ರು

ಇದೆ, ಎಳೆದು ತರಬೇಕಾಗಿಯೂ ಇಲ್ಲ. ಜೇಮ್ಸ್‌ಟೌನ್ ಹಡಗುಗಳು ಹೊರಟಾಗ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಆರು ವರ್ಷ. ಒಂದೇ ವ್ಯಾಪಾರಿಗಳು ಎರಡೂ ಕಂಪನಿಗಳಲ್ಲಿ ದುಡ್ಡು ಹಾಕಿದ್ದರು. ಥಾಮಸ್ ಸ್ಮಿತ್ ಅನ್ನುವವನು ಎರಡರ ಮುಖ್ಯಸ್ಥನೂ ಆಗಿದ್ದ. 17ನೇ ಶತಮಾನದ ವರ್ಜೀನಿಯಾ ಭೂದಾಖಲೆಯಲ್ಲಿ "ಟೋನಿ, ಈಸ್ಟ್ ಇಂಡಿಯನ್" ಅಂತ ಒಬ್ಬ ಕೆಲಸದಾಳಿನ ಹೆಸರು ಬರುತ್ತದೆ. ಯೇಲ್ ಕಾಲೇಜಿಗೆ ಹೆಸರು ಕೊಟ್ಟ ಎಲಿಹು ಯೇಲ್ ದುಡ್ಡು ಮಾಡಿದ್ದು ಮದ್ರಾಸಿನಲ್ಲಿ ಗವರ್ನರ್ ಆಗಿದ್ದಾಗ. 1718ರಲ್ಲಿ ಅವನು ಕಳಿಸಿದ ದಾನದಲ್ಲಿ ಬಟ್ಟೆಯ ಮೂಟೆಗಳೂ ಇದ್ದವು.

ಮುಂದೆ ಸ್ವಾತಂತ್ರ್ಯ ಯುದ್ಧಕ್ಕೆ ಬಂದಾಗ ನನ್ನ ಮೊಮ್ಮಕ್ಕಳಿಗೆ ಹೇಳಲು ಒಂದನ್ನು ಬಚ್ಚಿಟ್ಟಿದ್ದೇನೆ. 1781ರಲ್ಲಿ ಇದೇ ಜೇಮ್ಸ್‌ಟೌನ್ ಪಕ್ಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸ್, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡವನು. ಅಷ್ಟೇ ಅಲ್ಲ, 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ಮೇಲೆ ಬಿಟ್ಟ ಒಂದು ಯುದ್ಧನೌಕೆಯ ಹೆಸರು ಹೈದರ್ ಅಲಿ. ನಮ್ಮ ಹೈದರಾಲಿಯ ಹೆಸರೇ. ಪಿಟ್ಸ್‌ಬರ್ಗ್ ತಾಯಿ, ಅದನ್ನು ನಿಮ್ಮ ರಾಜ್ಯದ ಇತಿಹಾಸದ ಲೆಕ್ಕಕ್ಕೇ ಬರೆದುಕೊಳ್ಳಿ.

ಪಿಟ್ಸ್‌ಬರ್ಗ್ ಅಮ್ಮ

ಬರೆದುಕೊಂಡೆ! ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ. ಮೊದಲು ನದಿಗಳ ಮ್ಯಾಪ್, ಅದರ ಮೇಲೆ ಯಾರು ಯಾರು ಇದ್ದರು ಅನ್ನುವುದು. ಆಮೇಲೆ ಜೇಮ್ಸ್‌ಟೌನ್ ಬರ, ಹೊಗೆಸೊಪ್ಪು. ನವೆಂಬರ್‌ಗೆ ವಿನ್‌ಸ್ಲೋ ಪತ್ರ. ಚಳಿಗಾಲದಲ್ಲಿ ಮಗಳಿಗೆ ಮಾತ್ರ ಮೆಟಕಾಮ್, 1662ರ ಕಾನೂನು. ಮಗ ಆಗ ಮುದ್ದೆ ತಿರುವುತ್ತಿರಲಿ. ವಸಂತಕ್ಕೆ ಪಾರ್ಕಿನಲ್ಲಿ ಓಟ. ರೆಡಿಮೇಡ್ ಸೆಟ್ ವಾಪಸ್.

ಒಂದು ಚಿಕ್ಕ ಗೊಂದಲ. ಆ 41 ಗಂಡಸರು ಸಹಿ ಹಾಕಿದ ಮೇಫ್ಲವರ್ ಒಪ್ಪಂದಕ್ಕೆ ಒಂದು ಕಡೆ ನವೆಂಬರ್ 11, ಇನ್ನೊಂದು ಕಡೆ ನವೆಂಬರ್ 21 ಅಂತ ಇದೆ. ಯಾವುದು ಸರಿ?

ಮೈಸೂರು ಮೇಷ್ಟ್ರು

ಎರಡೂ ಸರಿ. ಇಂಗ್ಲಿಷರು 1752ರವರೆಗೆ ಹಳೇ ಕ್ಯಾಲೆಂಡರ್ ಇಟ್ಟುಕೊಂಡಿದ್ದರು, ಆ ಕಾಲಕ್ಕೆ ಈಗಿನದಕ್ಕಿಂತ ಹತ್ತು ದಿನ ಹಿಂದೆ. ಅವರ ಹೊಸ ವರ್ಷವೂ ಮಾರ್ಚ್ 25ಕ್ಕೆ. ಆದ್ದರಿಂದ ಜನವರಿ, ಫೆಬ್ರವರಿಯ ಇಸವಿಗಳಲ್ಲೂ ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿಯಾಗಬೇಡಿ. ಯಾವುದಾದರೂ ಒಂದನ್ನು ಹಿಡಿದು, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ಬಳಸುತ್ತೇವೆ ಅಂತ ಬರೆದಿಡಲು ಹೇಳಿ.

ರಿಚ್ಮಂಡ್ ರಾಗಿಮುದ್ದೆ

ಜೇಮ್ಸ್‌ಟೌನ್‌ಗೆ ಬರುವುದಾದರೆ ಅಕ್ಟೋಬರ್ ಒಳಗೆ ಹೇಳಿ ಅಕ್ಕ. ಬೇಸಿಗೆಯಲ್ಲಿ ಮಾತ್ರ ಬೇಡ, ಆ ಜೌಗಿನ ಸೊಳ್ಳೆಗಳು 1607ರಿಂದ ಊರು ಬಿಟ್ಟಿಲ್ಲ. ಊಟ ನಮ್ಮ ಮನೆಯಲ್ಲಿ, ಕೋಲು ಮಗನ ಕೈಗೆ.